9.55: ಸಂಖ್ಯೆ ಓಡಿತು, ಲೆಕ್ಕ ಎಡವಿತು

9.55. ಈ ಸಂಖ್ಯೆ ನೆನಪಿದೆಯಾ ನಿಮಗೆ?

2020ರ ಫೆಬ್ರವರಿ. ಐಕಳ ಕಂಬಳದಲ್ಲಿ ಮೂಡುಬಿದಿರೆ ಕಡೆಯ ಶ್ರೀನಿವಾಸ ಗೌಡ 142.5 ಮೀಟರ್ ಕರೆಯನ್ನು 13.62 ಸೆಕೆಂಡಿನಲ್ಲಿ ಓಡಿದರು. ಯಾರೋ ಭಾಗಾಕಾರ ಮಾಡಿದರು. 100 ಮೀಟರಿಗೆ 9.55 ಸೆಕೆಂಡ್! 2009ರಲ್ಲಿ ಬರ್ಲಿನ್‌ನಲ್ಲಿ ಉಸೇನ್ ಬೋಲ್ಟ್ ಬರೆದ ವಿಶ್ವದಾಖಲೆ 9.58. ಅಷ್ಟೇ, ದೇಶವೆಲ್ಲಾ ಹಬ್ಬಿತು ಸುದ್ದಿ. ಕೇಂದ್ರ ಕ್ರೀಡಾ ಸಚಿವರೇ ಟ್ರಯಲ್‌ಗೆ ಕರೆದರು.

ಭಾಗಾಕಾರ ಹೆಚ್ಚುಕಡಿಮೆ ಸರಿಯಾಗೇ ಇತ್ತು. ತಪ್ಪಿದ್ದು ಹೋಲಿಕೆ. ಹೇಗೆ ಅಂತೀರಾ? ನಿಂತಲ್ಲಿಂದ ವೇಗ ಹಿಡಿಯುವ ಮೊದಲ ಕೆಲವು ಮೀಟರ್‌ಗಳೇ ಯಾವ ಓಟಗಾರನಿಗೂ ಅತಿ ನಿಧಾನ. ಓಟ ಉದ್ದವಾದಷ್ಟೂ ಆ ನಷ್ಟ ಹಂಚಿಹೋಗಿ ಸರಾಸರಿ ಚೆನ್ನಾಗಿ ಕಾಣುತ್ತದೆ. ಬೋಲ್ಟ್‌ನ 9.58ರಲ್ಲಿ ಪಿಸ್ತೂಲು ಸದ್ದಿಗೆ ದೇಹ ಸ್ಪಂದಿಸಲು ಹಿಡಿದ 0.146 ಸೆಕೆಂಡೂ ಸೇರಿದೆ. ಕಂಬಳದಲ್ಲಿ ಓಟಗಾರನ ಮುಂದೆ ಜೋಡಿ ಕೋಣಗಳಿವೆ, ಕಾಲಡಿ ಕೆಸರಿದೆ. ಅದು ಬೇರೆಯೇ ವಿದ್ಯೆ. ಗೌಡರೇ ಈ ಹೋಲಿಕೆ ಬೇಡ ಅಂದರು, ಟ್ರಯಲ್‌ಗೂ ಹೋಗಲಿಲ್ಲ. ಆ ಗದ್ದಲದಲ್ಲಿ ಸರಿಯಾದ ಲೆಕ್ಕ ಅವರದೇ!

ಇಂಥ ಎಡವಟ್ಟು ದೊಡ್ಡ ಸುದ್ದಿಯಲ್ಲಿ ಮಾತ್ರ ಆಗುತ್ತೆ ಅಂದುಕೊಳ್ಳಬೇಡಿ. ನಿಮ್ಮ ಮಗಳು ಕ್ರೀಡಾ ವಸತಿ ನಿಲಯದ ಆಯ್ಕೆಗೆ ಓಡಲು ಹೋದಾಗಲೂ ಆಗಬಹುದು.

ಈಗ ಓಟದ ಪರೀಕ್ಷೆಗೆ ಟೈಮಿಂಗ್ ಗೇಟ್ ಬಂದಿದೆ. ತತ್ವ ಬಹಳ ಸರಳ. ಒಂದು ಸ್ಟ್ಯಾಂಡಿನಿಂದ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಕಿರಣ ಹೊರಡುತ್ತೆ. ಎದುರಿನ ಪ್ರತಿಫಲಕಕ್ಕೆ ಬಡಿದು ವಾಪಸ್ ಬರುತ್ತೆ. ಓಡುವವರು ಅದನ್ನು ಕತ್ತರಿಸಿದ ಕ್ಷಣ ಗಡಿಯಾರ ಶುರು, ಮುಂದಿನ ಗೇಟ್ ದಾಟಿದರೆ ನಿಲುಗಡೆ. ಸ್ಟಾಪ್‌ವಾಚ್ ಒತ್ತುವ ಬೆರಳಿನ ತಡ ಇಲ್ಲಿಲ್ಲ. ಆ ಬೆರಳಿನ ಬೆಲೆ ಎಷ್ಟು ಗೊತ್ತಾ? 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಮಿಲ್ಖಾ ಸಿಂಗ್ ಓಡಿದ 400 ಮೀಟರ್ ಕೈಗಡಿಯಾರದಲ್ಲಿ 45.6, ವಿದ್ಯುನ್ಮಾನ ಲೆಕ್ಕದಲ್ಲಿ 45.73. ಓಟ ಒಂದೇ, ಉತ್ತರ ಎರಡು.

ಹಾಗಂತ ಯಂತ್ರ ಬಂದ ಮೇಲೆ ಎಲ್ಲ ಸರಿಹೋಯಿತಾ? ಇಲ್ಲ. ಕಿರಣಕ್ಕೆ ಎದೆ ಯಾವುದು, ಕೈ ಯಾವುದು ಗೊತ್ತಾಗಲ್ಲ. ಸೆಕೆಂಡಿಗೆ 8 ಮೀಟರ್ ವೇಗದಲ್ಲಿ ಓಡುವವರು ಒಂದು ಗೇಟನ್ನು ಎದೆಯಿಂದಲೂ, ಇನ್ನೊಂದನ್ನು 30 ಸೆಂಟಿಮೀಟರ್ ಮುಂದೆ ಚಾಚಿದ ಕೈಯಿಂದಲೂ ಕತ್ತರಿಸಿದರೆ ಸುಮಾರು 0.04 ಸೆಕೆಂಡ್ ವ್ಯತ್ಯಾಸ. ಇದೇನು ಮಹಾ ಅನ್ನಬೇಡಿ. 1984ರ ಲಾಸ್ ಏಂಜಲೀಸ್‌ನಲ್ಲಿ ಪಿ.ಟಿ. ಉಷಾ ಕಂಚು ಕಳೆದುಕೊಂಡಿದ್ದು 0.01 ಸೆಕೆಂಡಿನಲ್ಲಿ! ಒಂದರ ಮೇಲೊಂದು ಎರಡು ಕಿರಣಗಳಿರುವ ಗೇಟಿನಲ್ಲಿ ಎರಡೂ ಒಟ್ಟಿಗೆ ಕಡಿದಾಗ ಮಾತ್ರ ಸಮಯ ದಾಖಲಾಗುತ್ತೆ. ಹಾಗಾಗಿ ಈ ತಪ್ಪು ಕಡಿಮೆ.

ಇನ್ನೊಂದು, ಆರಂಭದ ಗೆರೆ. ಮೊದಲ ಗೇಟಿಗಿಂತ ಅರ್ಧ ಮೀಟರ್ ಹಿಂದೆ ನಿಂತವಳಿಗಿಂತ ಒಂದು ಮೀಟರ್ ಹಿಂದೆ ನಿಂತವಳು ಹೆಚ್ಚು ವೇಗದಲ್ಲಿ ಗೇಟು ದಾಟುತ್ತಾಳೆ. ಕಾಲಿನ ಕಸುವು ಅಷ್ಟೇ ಇದ್ದರೂ ಸಮಯ ಕಡಿಮೆ ಬರುತ್ತೆ. ರಾಯಚೂರಿನಲ್ಲಿ ಒಂದು ಗೆರೆ, ಮಂಗಳೂರಿನಲ್ಲಿ ಇನ್ನೊಂದು ಗೆರೆ ಹಾಕಿ ಇಬ್ಬರು ಹುಡುಗಿಯರನ್ನು ಒಂದೇ ಪಟ್ಟಿಗೆ ಸೇರಿಸಿದರೆ ಅದು ಅನ್ಯಾಯ ಅಲ್ವಾ?

ಇದಕ್ಕೆಲ್ಲ ಬೇಕಾದ ಶಿಸ್ತು ದುಬಾರಿಯದ್ದಲ್ಲ. ದೂರವನ್ನು ಹೆಜ್ಜೆಯಲ್ಲಿ ಅಳೆಯಬೇಡಿ, ಟೇಪು ಹಿಡಿಯಿರಿ. ಎಲ್ಲ ಗೇಟುಗಳ ಎತ್ತರ ಒಂದೇ ಇರಲಿ, ಸುಮಾರು ಸೊಂಟದ ಮಟ್ಟ. ಗಾಳಿಗೆ ಸ್ಟ್ಯಾಂಡ್ ಅಲುಗಾಡದಂತೆ ಕಾಲಿಗೆ ಮರಳುಚೀಲ ಇಡಿ. ಬೆಳಗ್ಗೆ, ಸಂಜೆಯ ಇಳಿಬಿಸಿಲು ನೇರವಾಗಿ ಗೇಟಿನ ಕಣ್ಣಿಗೆ ಬಿದ್ದರೆ ಅದು ತಪ್ಪು ಓದಬಹುದು, ದಿಕ್ಕು ಬದಲಿಸಿ. ಮೈದಾನದ ಧೂಳನ್ನು ಲೆನ್ಸ್ ಮತ್ತು ಪ್ರತಿಫಲಕದಿಂದ ಮೆತ್ತನೆ ಬಟ್ಟೆಯಲ್ಲಿ ಒರೆಸಿ. ಬ್ಯಾಟರಿ ಹಿಂದಿನ ರಾತ್ರಿಯೇ ಚಾರ್ಜ್ ಆಗಿರಲಿ. ಮಕ್ಕಳು ಓಡುವ ಮೊದಲು ಪ್ರತಿ ಗೇಟನ್ನೂ ಒಮ್ಮೆ ನೀವೇ ದಾಟಿ ನೋಡಿ. ಒಬ್ಬೊಬ್ಬರಿಗೂ ಎರಡು ಮೂರು ಅವಕಾಶ ಕೊಡಿ. ಫಲಿತಾಂಶದ ಪಕ್ಕದಲ್ಲೇ ಗೆರೆ ಎಲ್ಲಿತ್ತು, ಗೇಟಿನ ಎತ್ತರ ಎಷ್ಟಿತ್ತು ಅಂತ ಬರೆದಿಡಿ.

ಇಂಜಿನಿಯರಿಂಗ್ ಲ್ಯಾಬಿನಲ್ಲಿ ಮೊದಲ ದಿನವೇ ಕಲಿಸುವ ಪಾಠ ಇದು: ರೀಡಿಂಗ್ ಬರೆಯೋ ಮುಂಚೆ ಉಪಕರಣ ನೋಡು. ಪೋಷಕರೇ, ನಾಳೆ ಆಯ್ಕೆ ಶಿಬಿರದಲ್ಲಿ ಮಗುವಿನ ಸಮಯ ಎಷ್ಟು ಅಂತ ಖಂಡಿತ ಕೇಳಿ. ಅದರ ಜೊತೆಗೆ, ಅದನ್ನು ಹೇಗೆ ಅಳೆದಿರಿ ಅಂತಲೂ ಕೇಳಿ. ಆ ಪ್ರಶ್ನೆ ಕೇಳೋ ಹಕ್ಕು ನಿಮಗಿದೆ. ಉತ್ತರ ಹೇಳಬೇಕಾದ್ದು ಅಳೆದವರ ಜವಾಬ್ದಾರಿ.