ಸ್ಯಾಂಪಲ್ ಕಾಫಿ ಯಾರದ್ದು?

ಚಾರ್ಮಾಡಿ ಘಾಟಿ ಹತ್ತುವವರಾಗಲಿ ಇಳಿಯುವವರಾಗಲಿ ಕೊಟ್ಟಿಗೆಹಾರದಲ್ಲಿ ಗಾಡಿ ನಿಲ್ಲಿಸುವುದು ನೀರುದೋಸೆಗೆ. ನನ್ನ ಅಂಗಡಿಗೆ ಬರುವವರು ಬೇರೆ. ಪಿಕಪ್‌ನಲ್ಲಿ ಎಂಟೋ ಹತ್ತೋ ಚೀಲ ಹೇರಿಕೊಂಡು ಬರುವ ಸಣ್ಣ ಬೆಳೆಗಾರರು. ಕಾಫಿ, ಕಾಳುಮೆಣಸು, ಒಂದಿಷ್ಟು ಅಡಿಕೆ ಕೊಳ್ಳುವುದು ನಮ್ಮ ಕಸುಬು. ಅಪ್ಪ ಘಟ್ಟದ ಕೆಳಗಿನಿಂದ ಬಂದು ಶುರು ಮಾಡಿದ್ದು. ಮನೆಯಲ್ಲಿ ಕೊಂಕಣಿ, ಅಂಗಡಿಯಲ್ಲಿ ಕನ್ನಡ, ಸಿಟ್ಟು ಬಂದರೆ ತುಳು. ಕೊಂಕಣಿ ಕ್ರೈಸ್ತರನ್ನು ಕರೆಯುವ ವಾಡಿಕೆಯಂತೆ ಸುತ್ತಿನ ಗೌಡರಿಗೆ ಅಪ್ಪನೂ 'ಪೊರ್ಬುಗಳು', ನಾನೂ 'ಪೊರ್ಬುಗಳು'.

ಕಾಫಿ ವ್ಯಾಪಾರ ಗೊತ್ತಿಲ್ಲದವರಿಗೆ ಒಂದು ಒಳಸುಳಿ ಹೇಳಬೇಕು. ಹಣ್ಣನ್ನು ಸಿಪ್ಪೆಸಮೇತ ಒಣಗಿಸಿದ್ದಕ್ಕೆ ಚೆರಿ ಎನ್ನುತ್ತೇವೆ. ಕೊಳ್ಳುವುದು 50 ಕೆಜಿ ಚೀಲದ ಲೆಕ್ಕದಲ್ಲಿ, ಬೆಲೆ ಇರುವುದು ಮಾತ್ರ ಒಳಗಿನ ಬೀಜಕ್ಕೆ. ಹಾಗಾಗಿ ಚೀಲದಿಂದ ಒಂದಿಷ್ಟು ತೆಗೆದು, ಸಿಪ್ಪೆ ಬಿಡಿಸಿ, ಬೀಜ ತೂಗಿ, ಇಡೀ ಚೀಲಕ್ಕೆ ಎಷ್ಟು ಕೆಜಿ ಬೀಜ ಬಿದ್ದೀತೆಂದು ಲೆಕ್ಕ ಹಾಕುತ್ತೇವೆ. ಇದೇ ಔಟ್‌ಟರ್ನ್, ನಮ್ಮ ಬಾಯಲ್ಲಿ 'ಓಟಿ'. ರೊಬಸ್ಟಾ ಚೆರಿಗೆ 26, 27 ಬಂದರೆ ಬೆಳೆಗಾರನ ಮುಖ ಅರಳುತ್ತದೆ. ಆಮೇಲೆ ತೇವದ ಪರೀಕ್ಷೆ. ಬೆಳೆಗಾರ ಮುಷ್ಟಿಯಲ್ಲಿ ಹಿಡಿದು ಅಲ್ಲಾಡಿಸುತ್ತಾನೆ, ಗಲಗಲ ಅಂದರೆ ಅವನ ಮಟ್ಟಿಗೆ ಒಣಗಿತು. ಆದರೆ ಮೀಟರ್ ಇರುವುದು ನನ್ನ ಮೇಜಿನ ಮೇಲೆ, ಓದಿ ಹೇಳುವವನೂ ನಾನೇ. ಮೋಸ ಮಾಡಲು ತಕ್ಕಡಿ ಮುಟ್ಟಬೇಕಾಗಿಲ್ಲ. 'ಸ್ವಲ್ಪ ಹಸಿ ಉಂಟಲ್ಲ ಗೌಡ್ರೆ' ಅಂದರೆ ಸಾಕು.

ಇನ್ನು ಸ್ಯಾಂಪಲ್‌ಗೆಂದು ತೆಗೆದ ಕಾಫಿ. ಚೀಲಕ್ಕೆ ಒಂದೊಂದು ಹಿಡಿ, ಸೀಸನ್ ಮುಗಿಯುವಾಗ ಚೀಲಗಟ್ಟಲೆ. ಅದು ಕೊಳ್ಳುವವನಿಗೇ ಎಂಬುದು ರೂಢಿ. ಅಪ್ಪ ಮಾತ್ರ ಉಳಿದದ್ದನ್ನು ವಾಪಸ್ ಚೀಲಕ್ಕೆ ಸುರಿದ ಮೇಲೆಯೇ ತೂಗುತ್ತಿದ್ದರು. ಸುಲಿದ ಬೀಜವನ್ನು ಪೊಟ್ಟಣ ಕಟ್ಟಿ 'ಮನೆಗೆ ಹುರ್ಕೊಳ್ಳಿ' ಅಂತ ಕೊಟ್ಟುಬಿಡುತ್ತಿದ್ದರು. ಯಾಕೆಂದು ಕೇಳಿದರೆ 'ಆಮೋಸ' ಅನ್ನುವರು. ಅಷ್ಟೇ.

ಆಮೋಸ ಬೈಬಲಿನ ಪ್ರವಾದಿ, ಕುರಿ ಕಾಯುತ್ತಿದ್ದವನು. ನಮ್ಮ ಕಥೋಲಿಕ ಇಗರ್ಜಿಗಳಲ್ಲಿ ಭಾನುವಾರದ ವಾಚನಗಳು ಮೂರು ವರ್ಷಕ್ಕೊಂದು ಸುತ್ತು ತಿರುಗುತ್ತವೆ. ಹಾಗೆ ತಿರುಗಿ ಮೂರನೇ ವರ್ಷದ ಸೆಪ್ಟೆಂಬರಿಗೆ ಅವನ ಎಂಟನೇ ಅಧ್ಯಾಯ ಬರುತ್ತದೆ. ಸಬ್ಬತ್ ದಿನ ಯಾವಾಗ ಮುಗಿದೀತು, ಅಂಗಡಿ ತೆರೆದು ಅಳತೆ ಕುಗ್ಗಿಸಿ ಗೋದಿಯ ಕಸವನ್ನೂ ಮಾರೋಣ ಎಂದು ಕಾಯುವ ವ್ಯಾಪಾರಿಗಳನ್ನು ಅವನು ಅದರಲ್ಲಿ ಝಾಡಿಸುತ್ತಾನೆ. ಭಾನುವಾರ ಬಾಗಿಲು ಹಾಕಿ, ಪೂಜೆಯಲ್ಲಿ ಕೂತು, ಸೋಮವಾರದ ರೇಟಿನ ಲೆಕ್ಕ ಹಾಕುವವನಿಗೆ ಅದು ಕಿವಿ ಹಿಂಡಿದ ಹಾಗೆ. ವಿಚಿತ್ರವೆಂದರೆ ಅದೇ ದಿನದ ಶುಭಸಂದೇಶ ಯಜಮಾನನ ಸಾಲಪತ್ರಗಳನ್ನು ತಿದ್ದಿಸಿಯೂ ಶಹಭಾಸ್ ಅನ್ನಿಸಿಕೊಂಡ ಕಾರಭಾರಿಯ ಕತೆ. ಇದಕ್ಕೆ ಫಾದರ್‌ಗಳು ಕೊಡುವ ವಿವರಣೆ ನನಗೆ ಇವತ್ತಿಗೂ ಪೂರ್ತಿ ಜೀರ್ಣವಾಗಿಲ್ಲ.

2001ರ ಸೆಪ್ಟೆಂಬರಿನಲ್ಲಿ ಆ ವಾಚನ ಬಂದಾಗ ಕಾಫಿಯ ಬೆಲೆ ನೆಲಕಚ್ಚಿತ್ತು. ಹಿಂದೆ ಬೆಳೆಗಾರರು ಕಾಫಿಯನ್ನೆಲ್ಲ ಕಾಫಿ ಮಂಡಳಿಯ ಪೂಲ್‌ಗೆ ಕೊಟ್ಟು ಕಂತಿನಲ್ಲಿ ಹಣ ಪಡೆಯುತ್ತಿದ್ದರು. 1996ರ ಹೊತ್ತಿಗೆ ಆ ಕಟ್ಟು ಪೂರ್ತಿ ಸಡಿಲವಾಗಿ ಮಾರುಕಟ್ಟೆ ಮುಕ್ತವಾಯಿತು. ಇತ್ತ ದೇಶದೇಶಗಳ ನಡುವೆ ರಫ್ತಿನ ಪಾಲು ನಿಗದಿ ಮಾಡುತ್ತಿದ್ದ ಒಪ್ಪಂದದ ಕೋಟಾ 1989ರಲ್ಲೇ ಮುರಿದಿತ್ತು, ವಿಯೆಟ್ನಾಂ ರಾಶಿ ರಾಶಿ ರೊಬಸ್ಟಾ ಬೆಳೆಯತೊಡಗಿತ್ತು. ಲಂಡನ್ನಿನಲ್ಲಿ ಇಳಿದ ಬೆಲೆ ಮರುದಿನ ನಮ್ಮ ಮೇಜಿಗೇ ಬಂದು ಬೀಳುತ್ತಿತ್ತು. ಅಪ್ಪ ಮಾಲು ಕೊಟ್ಟಿದ್ದ ದೊಡ್ಡ ವ್ಯಾಪಾರಿಯೊಬ್ಬರು ಕೈ ಎತ್ತಿದರು. ಅಪ್ಪ ಜೀಪು ಮಾರಿ ಬೆಳೆಗಾರರ ಬಾಕಿ ತೀರಿಸಿ, ಮೂರು ವರ್ಷ ಬಸ್ಸಿನಲ್ಲಿ ಓಡಾಡಿದರು. ಇಬ್ಬರದ್ದು ಆಗಲೂ ಉಳಿದಿತ್ತು. ಆ ಇಬ್ಬರ ಮನೆಯ ಮುಂದೆ ಬಸ್ಸು ಹೋಗುವಾಗ ಅವರು ತಲೆ ತಗ್ಗಿಸಿ ಕೂರುತ್ತಿದ್ದುದನ್ನು ನಾನು ನೋಡಿದ್ದೇನೆ.

'ದೇವರ ಕರೆ' ಎಂದರೆ ನಮ್ಮಲ್ಲಿ ಪಾದ್ರಿಯೋ ಸಿಸ್ಟರೋ ಆಗುವುದು ಎಂದೇ ನಂಬಿಕೆ. ನನ್ನ ಅಣ್ಣ ಸೆಮಿನರಿಗೆ ಹೋದಾಗ ನೆಂಟರೆಲ್ಲ 'ಅವನಿಗೆ ಕರೆ ಬಂತು' ಅಂದರು. ಅಂಗಡಿಗೆ ಕೂತ ನನಗೆ ಬಂದದ್ದು ಬ್ಯಾಂಕಿನ ಕರೆ ಮಾತ್ರ. ಆದರೆ 1962ರಿಂದ 65ರವರೆಗೆ ರೋಮಿನಲ್ಲಿ ನಡೆದ ಎರಡನೇ ವ್ಯಾಟಿಕನ್ ಮಹಾಸಭೆ, ಸಂಸಾರಿಗಳಿಗೂ ಅವರವರ ಕೆಲಸದಲ್ಲೇ ಕರೆಯಿದೆ ಎಂದು ಸಾರಿತು. 2012ರಲ್ಲಿ ವ್ಯಾಟಿಕನ್ನಿನ ನ್ಯಾಯ ಮತ್ತು ಶಾಂತಿ ಮಂಡಳಿ ಉದ್ಯಮಿಗಳಿಗೆಂದೇ ಒಂದು ಪುಸ್ತಿಕೆ ತಂದಿತು. ಮಾರುವ ಸರಕು ಒಳ್ಳೆಯದಿರಬೇಕು, ಕೆಲಸ ಮನುಷ್ಯರು ಮಾಡುವಂಥದ್ದಿರಬೇಕು, ಬಂದ ಸಂಪತ್ತು ನ್ಯಾಯವಾಗಿ ಹಂಚಿಕೆಯಾಗಬೇಕು ಎಂಬುದು ಅದರ ಸಾರ.

ಘಟ್ಟದ ಕೆಳಗೆ ಬಾಸೆಲ್ ಮಿಷನ್ನಿನ ಪ್ರೊಟೆಸ್ಟೆಂಟರು ಇದನ್ನು ಬಹಳ ಹಿಂದೆಯೇ ಕೈಯಾರೆ ಮಾಡಿ ನೋಡಿದ್ದರು. ಅಂಗಡಿಯ ಮಾಡು ರಿಪೇರಿ ಮಾಡಿಸುವಾಗ ಒಂದು ಹೆಂಚು ತಿರುಗಿಸಿದರೆ ಬಾಸೆಲ್ ಮಿಷನ್ ಟೈಲ್ ವರ್ಕ್ಸ್, 1865 ಎಂಬ ಅಚ್ಚು ಇತ್ತು. ಮತಾಂತರವಾದವರು ಜಾತಿಯ ಜೊತೆಗೆ ಕೂಲಿಯನ್ನೂ ಕಳೆದುಕೊಳ್ಳುತ್ತಿದ್ದರು. ಅವರಿಗೆ ಅನ್ನದ ದಾರಿ ಮಾಡಲು ಮಿಷನ್ ಮಗ್ಗ ಹಾಕಿತು, ಮಂಗಳೂರಿನ ಜೆಪ್ಪುವಿನಲ್ಲಿ ಪ್ಲೆಬ್ಸ್ಟ್ ಎಂಬವರು ಹೆಂಚಿನ ಕಾರ್ಖಾನೆ ತೆರೆದರು. ಸುವಾರ್ತೆ ಸಾರಲು ಬಂದವರಿಗೆ ವ್ಯಾಪಾರ ಯಾಕೆ ಎಂಬ ಜಗಳ ಅವರೊಳಗೇ ಇತ್ತು. ಮೊದಲ ಮಹಾಯುದ್ಧದಲ್ಲಿ ಜರ್ಮನ್ ಮಿಷನರಿಗಳು ಬಂಧನಕ್ಕೊಳಗಾದರು, ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟಿನ ಕೈಗೆ ಹೋದವು. ಅವರ ಹೆಂಚು ಈಗಲೂ ನನ್ನ ಅಂಗಡಿಯ ಮೇಲೆ ಮಳೆ ತಡೆಯುತ್ತಿದೆ.

ಈಗ ನನ್ನ ವಿಷಯ. 2019ರ ಆಗಸ್ಟಿನ ಮಳೆ ಮೂಡಿಗೆರೆ ಸೀಮೆಯ ಗುಡ್ಡಗಳನ್ನೇ ಇಳಿಸಿತು. ಚಾರ್ಮಾಡಿ ರಸ್ತೆ ಕುಸಿದು ಭಾರಿ ವಾಹನಗಳಿಗೆ ತಿಂಗಳುಗಟ್ಟಲೆ ಬಂದ್. ಮಂಗಳೂರಿಗೆ ಹೋಗುವ ನನ್ನ ಲೋಡು ಶಿರಾಡಿ ಘಾಟಿ ಸುತ್ತಬೇಕಾಯಿತು, ಬಾಡಿಗೆ ಏರಿತು. ಗಿಡದ ಕಾಯಿ ಅರ್ಧ ನೆಲಕ್ಕೆ. ಆ ಸೆಪ್ಟೆಂಬರಿನಲ್ಲೂ ಆಮೋಸ ಬಂದು ಹೋದ, ನಾನು ಕೇಳಿಸಿಕೊಂಡೆ. ಜನವರಿಯಲ್ಲಿ ಕಾಫಿ ಬರತೊಡಗಿದಾಗ, ಕೆಲವರ ಚೀಲಕ್ಕೆ ತೇವವೆಂದು ಅರ್ಧರ್ಧ ಕೆಜಿ ಮುರಿದುಕೊಂಡೆ. ಮೀಟರ್ ಹಾಗೆ ಹೇಳಿರಲಿಲ್ಲ. ಅಪ್ಪ ಆಗ ತೀರಿಹೋಗಿದ್ದರು, ಸ್ಯಾಂಪಲ್ ಮಾತ್ರ ಅಭ್ಯಾಸಬಲದಿಂದ ಚೀಲಕ್ಕೆ ಸುರಿಯುತ್ತಲೇ ಇದ್ದೆ. ಮಾರ್ಚ್‌ನಲ್ಲಿ ಲಾಕ್‌ಡೌನ್ ಬಂದಾಗ, ನಾನು ಮಾಡಿದ್ದೇ ಸರಿ ಅಂತಲೂ ಅನ್ನಿಸಿತು.

2022ರಲ್ಲಿ ಆ ವಾಚನ ಓದುವ ಸರದಿ ನನ್ನದೇ ಆಯಿತು. ಮೈಕಿನ ಮುಂದೆ ನಿಂತು, ಅಳತೆ ಕುಗ್ಗಿಸುವವರ ಭಾಗ ಬಂದಾಗ ನನ್ನ ದನಿ ನನಗೇ ಕೇಳಲಿಲ್ಲ. ಮನೆಯವಳು ಆಮೇಲೆ 'ನೆಗಡಿಯಾ?' ಅಂದಳು. ಪಾಪನಿವೇದನೆಯಲ್ಲಿ ಫಾದರ್ ಪ್ರಾಯಶ್ಚಿತ್ತಕ್ಕೆ ಜಪ ಹೇಳಲಿಲ್ಲ, 'ಪುಸ್ತಕ ಇದೆಯಲ್ಲ, ವಾಪಸ್ ಕೊಡಿ' ಅಂದರು.

ಲೆಡ್ಜರ್ ತೆಗೆದು ಕೂತರೆ ಹತ್ತೊಂಬತ್ತು ಹೆಸರು. ಎಲ್ಲರಿಗೂ ನಿಜ ಹೇಳುವ ಧೈರ್ಯ ಬರಲಿಲ್ಲ. ಮುಂದಿನ ಸೀಸನ್ನಿನ ಲೆಕ್ಕದಲ್ಲಿ 'ಹಳೆ ತೂಕದ ತಪ್ಪು' ಅಂತ ಸೇರಿಸಿದೆ. ಬಣಕಲ್ ಕಡೆಯ ಒಬ್ಬ ಹಿರಿಯ ಗೌಡರಿಗೆ ಮಾತ್ರ ಬಾಯಿ ಬಿಟ್ಟೆ. ಅವರದ್ದು ಹನ್ನೆರಡು ಚೀಲ, ಆರು ಕೆಜಿ, ಆಗಿನ ರೇಟಿಗೆ 410 ರೂಪಾಯಿ.

ಅವರು ತುಂಬಾ ಹೊತ್ತು ಎಲೆಗೆ ಸುಣ್ಣ ಸವರುತ್ತಾ ಕೂತರು.

'ಗೊತ್ತಿತ್ತು ಪೊರ್ಬುಗಳೇ. ಆ ವರ್ಷ ನಾನೂ ಎರಡು ಚೀಲಕ್ಕೆ ನೀರು ಚಿಮುಕಿಸ್ಕಂಡೇ ತಂದಿದ್ದೆ.'

'ಹಂಗಾದ್ರೆ ಎರಡು ಚೀಲದ್ದು ಮುರ್ಕೊಳ್ಳಲಾ?' ಅಂದೆ.

'ಮುರ್ಕೊಳ್ಳಿ' ಅಂದರು. ಒಂದು ಕೆಜಿಯ ಅರವತ್ತೆಂಟು ರೂಪಾಯಿ ತೆಗೆದು ಉಳಿದದ್ದನ್ನು ಎಣಿಸಿ ಕೊಟ್ಟೆ. ಅವರೂ ಎಣಿಸಿಯೇ ಜೇಬಿಗಿಟ್ಟುಕೊಂಡರು.