ಹಿಗ್ಗಿಸುವ ಚೀಲ, ಬಿಗಿಯುವ ದಾರ

ಅಮೆರಿಕದ ಹ್ಯೂಸ್ಟನ್‌ನಲ್ಲಿ ಟಿಮ್ಮಿ ಜೀನ್ ಲಿಂಡ್ಸೆ ಎಂಬಾಕೆ 1962ರಲ್ಲಿ ಆಸ್ಪತ್ರೆಗೆ ಹೋದದ್ದು ಎದೆಯ ಮೇಲಿನ ಹಚ್ಚೆ ತೆಗೆಸಲು. ಆರು ಮಕ್ಕಳ ತಾಯಿ. ಸ್ತನದ ಗಾತ್ರದ ಚಿಂತೆ ಅವರಿಗಿರಲಿಲ್ಲ, ಚಾಚಿಕೊಂಡಿದ್ದ ಕಿವಿಗಳದ್ದಿತ್ತು. ಸಿಲಿಕೋನ್ ಚೀಲವನ್ನು ಮನುಷ್ಯರಲ್ಲಿ ಮೊದಲ ಸಲ ಇಟ್ಟುನೋಡಲು ಕಾದಿದ್ದ ಥಾಮಸ್ ಕ್ರೋನಿನ್ ಮತ್ತು ಫ್ರ್ಯಾಂಕ್ ಜೆರೋ ಕೇಳಿದಾಗ, ಕಿವಿಯನ್ನೂ ಸರಿಮಾಡಿಕೊಡುವುದಾದರೆ ಆಗಲಿ ಎಂದರು. ಜಗತ್ತಿನ ಮೊದಲ ಸಿಲಿಕೋನ್ ಸ್ತನ ಇಂಪ್ಲಾಂಟ್ ಕುದುರಿದ್ದು ಹೀಗೆ. ಒಂದೇ ಸಲಕ್ಕೆ ಎರಡು ಕೆಲಸ ಮುಗಿಸಿಕೊಳ್ಳುವ ಆಸೆಗೂ ಅಷ್ಟೇ ವಯಸ್ಸು ಅನ್ನಿ.

ಈಗಿನ ಜೋಡಿ ಬೇಡಿಕೆ ಬೇರೆ. ಬಸಿರಿನಲ್ಲಿ ತೊಟ್ಟಿನ ಸುತ್ತಲ ಕಪ್ಪು ವರ್ತುಲ, ಡಾಕ್ಟರರು ಅರಿಯೋಲ ಅನ್ನುವುದು, ಅಗಲವಾಗುತ್ತದೆ, ಬಣ್ಣ ಗಾಢವಾಗುತ್ತದೆ. ಹಾಲು ಬಿಡಿಸಿದ ಮೇಲೆ ಬಣ್ಣ ತಿಳಿಯಾದರೂ ಅಗಲ ಕೆಲವರಲ್ಲಿ ಉಳಿದುಬಿಡುತ್ತದೆ. ಜೊತೆಗೆ ಸ್ತನವೂ ಸೊರಗಿರುತ್ತದೆ. ಇದು ಕಾಯಿಲೆಯಲ್ಲ. ಸರಾಸರಿ ಅಗಲ ಸುಮಾರು 4 ಸೆಂಟಿಮೀಟರ್ ಎನ್ನುತ್ತಾರಾದರೂ ಹೆಣ್ಣಿನಿಂದ ಹೆಣ್ಣಿಗೆ ಬಹಳ ವ್ಯತ್ಯಾಸ. ಆದರೂ ಕನ್ನಡಿ ಮುಂದೆ ಬೇಸರಪಡುವವರು ಇದ್ದಾರೆ. ಇಂಪ್ಲಾಂಟ್ ಇಡಿಸಿ, ವರ್ತುಲವನ್ನೂ ಕಿರಿದು ಮಾಡಿಸಿದರೆ ಒಂದೇ ಅರಿವಳಿಕೆ, ಒಂದೇ ಸಲದ ರಜೆ ಎಂಬ ಅವರ ಲೆಕ್ಕಾಚಾರದಲ್ಲಿ ತಪ್ಪೇನಿಲ್ಲ.

ತೊಡಕು ಚರ್ಮದಲ್ಲಿದೆ. ಇಂಪ್ಲಾಂಟ್ ಒಳಗಿನಿಂದ ಚರ್ಮವನ್ನು ಹಿಗ್ಗಿಸುತ್ತದೆ. ವರ್ತುಲ ಕಿರಿದುಮಾಡುವ ಶಸ್ತ್ರಚಿಕಿತ್ಸೆ ಅದೇ ಚರ್ಮವನ್ನು ಕತ್ತರಿಸಿ ಬಿಗಿಯುತ್ತದೆ. ಒಂದೇ ಜಾಗದಲ್ಲಿ ಒಂದು ಹೊರಗೆ ದೂಡಿದರೆ ಇನ್ನೊಂದು ಒಳಗೆ ಎಳೆಯುತ್ತದೆ. ನಡುವೆ ಸಿಕ್ಕಿಬೀಳುವುದು ಹೊಲಿಗೆ.

ಕೆಲಸ ನಡೆಯುವ ಬಗೆ ನೋಡಿ. ಮಲಗಿಸಿದರೆ ಸ್ತನದ ಆಕಾರ ಬದಲಾಗುವುದರಿಂದ ಮೊದಲು ನಿಲ್ಲಿಸಿಯೇ ಮಾರ್ಕರ್ ಪೆನ್ನಿನಿಂದ ಗೆರೆ ಎಳೆಯುತ್ತಾರೆ. ಟೇಬಲ್ ಮೇಲೆ ಸ್ಟೀಲಿನ ಉಂಗುರವೊಂದನ್ನು ತೊಟ್ಟಿನ ಸುತ್ತ ಒತ್ತಿ, ಉಳಿಯಬೇಕಾದ ವೃತ್ತ ಗುರುತಿಸುತ್ತಾರೆ. ಸಾಮಾನ್ಯವಾಗಿ 38 ಅಥವಾ 42 ಮಿಲಿಮೀಟರ್. ಅದರಾಚೆಗಿನ ಬಳೆಯಷ್ಟು ಚರ್ಮದ ಮೇಲ್ಪದರವನ್ನು ಮಾತ್ರ ಹೆರೆದು ತೆಗೆಯುತ್ತಾರೆ. ಕೆಳಪದರವನ್ನು ಉಳಿಸುವುದು ತೊಟ್ಟಿಗೆ ರಕ್ತ ಹರಿಯುತ್ತಿರಲಿ ಎಂದು. ಆಮೇಲೆ ಹೊರ ಅಂಚಿನೊಳಗೆ ಸುತ್ತಲೂ, ಕರಗದ ದಾರ ಪೋಣಿಸಿ, ಅಜ್ಜಿಯರ ಎಲೆಅಡಿಕೆ ಸಂಚಿಯ ಬಾಯಿ ಎಳೆದಂತೆ ಎಳೆದು ಗಂಟು ಹಾಕುತ್ತಾರೆ. ಈ ವರ್ತುಲದ ಹೊಲಿಗೆಯನ್ನು 1990ರಲ್ಲಿ ವಿವರಿಸಿ ಪ್ರಚಾರಕ್ಕೆ ತಂದವರು ಫ್ರಾನ್ಸಿನ ಲೂಯಿ ಬೆನೆಲ್ಲಿ. ಮೊದಮೊದಲು ಅಂಚಿನುದ್ದಕ್ಕೂ ನೆರಿಗೆ ಕಾಣುತ್ತದೆ. ಅದು ಕೂರಲು ತಿಂಗಳುಗಳು ಬೇಕು, ಕಲೆ ಮಾಸಲು ವರ್ಷವೇ ಬೇಕು.

ದೊಡ್ಡ ಇಂಪ್ಲಾಂಟ್ ಇಟ್ಟರೆ ಈ ಹೊಲಿಗೆಯ ಮೇಲೆ ಒತ್ತಡ ಹಗಲೂ ರಾತ್ರಿ ಇರುತ್ತದೆ. ದಾರ ಸಡಿಲವಾದರೆ ಕಿರಿದಾಗಿದ್ದ ವರ್ತುಲ ಮತ್ತೆ ಹರಡುತ್ತದೆ, ಕಲೆ ಅಗಲವಾಗುತ್ತದೆ. ನಮ್ಮಂಥ ಕಂದು ಚರ್ಮದವರಿಗೆ ಕಲೆ ದಪ್ಪಗಟ್ಟುವ, ಅಂಚು ಬಣ್ಣ ಕಳೆದುಕೊಳ್ಳುವ ತಾಪತ್ರಯ ಬೇರೆ. ಹಾಗಾಗಿ ಕೆಲವು ಸರ್ಜನ್‌ಗಳು ಮೊದಲು ಇಂಪ್ಲಾಂಟ್ ಇಟ್ಟು, ಚರ್ಮ ಹದಕ್ಕೆ ಬರಲು ತಿಂಗಳುಗಟ್ಟಲೆ ಕಾದು, ಆಮೇಲೂ ಬೇಕೆನಿಸಿದರೆ ಅಷ್ಟು ಜಾಗ ಮಾತ್ರ ಮರಗಟ್ಟಿಸಿ ವರ್ತುಲ ಕಿರಿದು ಮಾಡುತ್ತಾರೆ. ಎರಡು ಸಲ ಓಡಾಟ ನಿಜ. ಆದರೂ ದೊಡ್ಡ ಗಾತ್ರವೇ ಬೇಕೆನ್ನುವವರಿಗೆ ನನ್ನ ಮತ ಈ ದಾರಿಗೇ. ಇಂಪ್ಲಾಂಟ್ ಸಣ್ಣದು, ತೆಗೆಯಬೇಕಾದ ಚರ್ಮವೂ ಕೊಂಚ ಎಂದಾದರೆ ಒಟ್ಟಿಗೇ ಮಾಡುವುದಕ್ಕೆ ಅಡ್ಡಿಯಿಲ್ಲ.

ಇಂಪ್ಲಾಂಟನ್ನು ಅದೇ ಕಪ್ಪು ಅಂಚಿನ ಗಾಯದ ಮೂಲಕ ಒಳಗೆ ತಳ್ಳಿದರೆ ಹೊಸ ಕಲೆ ಉಳಿಯುವುದಿಲ್ಲ. ಆದರೆ ದಾರಿಯಲ್ಲಿ ಹಾಲಿನ ನಾಳಗಳು ಸಿಗುತ್ತವೆ. ಅಲ್ಲಿನ ಬ್ಯಾಕ್ಟೀರಿಯಾ ಇಂಪ್ಲಾಂಟಿಗೆ ಅಂಟಿದರೆ ಸುತ್ತ ಗಟ್ಟಿ ಪೊರೆ ಕಟ್ಟಿ ಸ್ತನ ಕಲ್ಲಾಗುವ ಸಂಭವ ಹೆಚ್ಚು. ಆದ್ದರಿಂದ ಸ್ತನದ ಕೆಳಗಿನ ಮಡಿಕೆಯಲ್ಲಿ ಬೇರೆಯೇ ಗಾಯ ಮಾಡುವವರು ಬಹಳ. ಈ ಶಸ್ತ್ರಚಿಕಿತ್ಸೆಗಳಿಂದ ತೊಟ್ಟಿನ ಸ್ಪರ್ಶಜ್ಞಾನ ಕುಂದಬಹುದು, ಹಾಲೂಡಿಸಲು ತೊಂದರೆಯಾಗಬಹುದು. ಇನ್ನೊಂದು ಬಸಿರಿನಲ್ಲಿ ವರ್ತುಲ ಮತ್ತೆ ಹಿಗ್ಗುವುದರಿಂದ, ಮಕ್ಕಳು ಸಾಕು ಎಂದ ಮೇಲೆ ಬನ್ನಿ ಎನ್ನುವ ವೈದ್ಯರ ಮಾತು ಬರೀ ಉಪದೇಶವಲ್ಲ. ಬೀಡಿ, ಸಿಗರೇಟು ಸೇದುವವರಿಗೆ ರಕ್ತನಾಳ ಕಿರಿದಾಗಿ ತೊಟ್ಟಿನ ಚರ್ಮವೇ ಸಾಯುವ ಅಪಾಯವಿದೆ.

ನಮ್ಮಲ್ಲಿ ಇಂಥ ಕೆಲಸಕ್ಕೆ ಕೇಳಬೇಕಾದ ಅರ್ಹತೆ ಪ್ಲಾಸ್ಟಿಕ್ ಸರ್ಜರಿಯ ಎಂ.ಸಿಎಚ್. ಅಥವಾ ಡಿ.ಎನ್.ಬಿ.; ಬೋರ್ಡಿನ ಮೇಲೆ ಕಾಸ್ಮೆಟಿಕ್ ಎಂದಿದ್ದರೆ ಸಾಲದು. ಚೆಂದಕ್ಕಾಗಿ ಮಾಡಿಸುವುದಕ್ಕೆ ಆರೋಗ್ಯ ವಿಮೆ ಸಾಮಾನ್ಯವಾಗಿ ಹಣ ಕೊಡುವುದಿಲ್ಲ, ಮೇಲೆ ಜಿಎಸ್‌ಟಿಯೂ ಬೀಳುತ್ತದೆ. ಯಾವ ಕಂಪನಿಯ ಇಂಪ್ಲಾಂಟ್, ಸೀರಿಯಲ್ ನಂಬರ್ ಯಾವುದು ಎಂದಿರುವ ಕಾರ್ಡನ್ನು ಕೇಳಿ ಪಡೆಯಿರಿ. ಫ್ರಾನ್ಸಿನ ಪಿಐಪಿ ಕಂಪನಿ ಕೈಗಾರಿಕೆಗೆ ಬಳಸುವ ಸಿಲಿಕೋನ್ ತುಂಬಿ ಮಾರಿದ್ದು 2010ರಲ್ಲಿ ಬಯಲಾದಾಗ, ತನ್ನ ಎದೆಯೊಳಗಿರುವುದು ಯಾವುದೆಂದು ಹುಡುಕಿಕೊಳ್ಳುವ ಪಾಡು ಹಲವು ದೇಶಗಳ ಹೆಂಗಸರದ್ದಾಯಿತು. ಮ್ಯಾಮೋಗ್ರಾಂಗೆ ಹೋದಾಗಲೂ ಇಂಪ್ಲಾಂಟ್ ಇದೆಯೆಂದು ಮೊದಲೇ ಹೇಳಬೇಕು, ಅದನ್ನು ಹಿಂದಕ್ಕೆ ಸರಿಸಿ ಬೇರೆ ಕೋನದಲ್ಲೂ ಚಿತ್ರ ತೆಗೆಯಬೇಕಾಗುತ್ತದೆ.

ಇಂಪ್ಲಾಂಟ್ ಜೀವಮಾನದ ವಸ್ತುವಲ್ಲ ಎಂದು ಅಮೆರಿಕದ ಎಫ್‌ಡಿಎ ಸ್ಪಷ್ಟವಾಗಿ ಎಚ್ಚರಿಸಿದೆ. ಒಂದಲ್ಲ ಒಂದು ದಿನ ಅದನ್ನು ತೆಗೆಸುವ ಇಲ್ಲವೇ ಬದಲಿಸುವ ಪ್ರಸಂಗ ಬರಬಹುದು. ಬದಲಿಸದೆ ತೆಗೆಸಿಬಿಟ್ಟರೆ, ಹಿಗ್ಗಿ ಕೂತ ಚರ್ಮ ಜೋಲುತ್ತದೆ, ಅದನ್ನು ಎತ್ತಿ ಕಟ್ಟಲು ಹೆಚ್ಚಾಗಿ ಕತ್ತರಿಸುವುದು ಮತ್ತದೇ ಕಪ್ಪು ಅಂಚಿನ ಸುತ್ತ.