ಹಿತ್ತಲಿನಲ್ಲಿ ಹಾರುವ ಹಕ್ಕಿಯ ಚಿತ್ರ

ಗುಂಡ್ಲುಪೇಟೆ, ಚಾಮರಾಜನಗರಗಳ ಹಿತ್ತಲುಗಳಲ್ಲಿ ತಂತಿಯ ಮೇಲೆ ಕುಳಿತ ಕಾಜಾಣವು ಥಟ್ಟನೆ ನೆಗೆದು, ಹಾರುವ ಹುಳುವನ್ನು ಹಿಡಿದು, ಅನೇಕವೇಳೆ ಅದೇ ತಂತಿಗೆ ಮರಳುವುದುಂಟು. ಆ ಕ್ಷಣವನ್ನು ಚಿತ್ರದಲ್ಲಿ ಹಿಡಿಯುವುದೆಂತು?

ಹಕ್ಕಿಯು ಸೆಕೆಂಡಿಗೆ 10 ಮೀಟರ್ ವೇಗದಿಂದ ಹಾರುತ್ತಿದೆಯೆಂದು ಭಾವಿಸೋಣ. ಕ್ಯಾಮರಾದ ಷಟರ್ ಸೆಕೆಂಡಿನ 1/100 ಭಾಗದಷ್ಟು ಕಾಲ ತೆರೆದಿದ್ದರೆ ಅಷ್ಟರಲ್ಲಿ ಹಕ್ಕಿಯು 10 ಸೆಂಟಿಮೀಟರ್ ಸರಿದು, ಚಿತ್ರವು ಮಸುಕಾಗುತ್ತದೆ. 1/2000 ಭಾಗವಾದರೆ ಸರಿಯುವುದು ಅರ್ಧ ಸೆಂಟಿಮೀಟರ್ ಮಾತ್ರ. 1882ರಲ್ಲಿ ಫ್ರಾನ್ಸಿನ ವಿಜ್ಞಾನಿ ಮಾರೆಯು ಬಂದೂಕಿನಾಕಾರದ ಕ್ಯಾಮರಾದಿಂದ ಸೆಕೆಂಡಿಗೆ 12 ಚಿತ್ರಗಳನ್ನು ತೆಗೆದು ಹಕ್ಕಿಗಳ ಹಾರಾಟವನ್ನು ಪರಿಶೀಲಿಸಿದನು.

ಅನಿರೀಕ್ಷಿತವಾಗಿ ಬಂದ ಹಕ್ಕಿಯು ಸಿದ್ಧತೆಗೆ ಅವಕಾಶ ಕೊಡದು. ಆದುದರಿಂದ ನಾವು ಷಟರಿನ ವೇಗವನ್ನು ಮೊದಲೇ ಗೊತ್ತುಮಾಡಿ, ತಂತಿಗೆ ಫೋಕಸ್ ಹೊಂದಿಸಿ, ಅದು ಮರಳುವುದನ್ನು ಕಾದಿರಬೇಕು. ಚಿತ್ರದಾಸೆಗೆ ಗೂಡಿನ ಹಕ್ಕಿಯನ್ನು ಮಾತ್ರ ಎಬ್ಬಿಸಬಾರದು. ಕಾವಲಿಲ್ಲದ ಮೊಟ್ಟೆಗಳು ಕಾಗೆಯ ಪಾಲಾದಾವು.